ನೆಲ್ಲಿ ಬುಡದ ಸುಣ್ಣ

ಸೂಜಿ ಚುಚ್ಚಿದಾಗ ಮಗು ಅಳಲಿಲ್ಲ. ಅಜ್ಜಿಗೆ ಹೆಮ್ಮೆಯಾಯಿತು. ಮಗುವಿನ ಕೆನ್ನೆ ಸವರಿ, "ನೋಡಿದ್ರಾ ನರ್ಸಮ್ಮ, ನಮ್ಮ ಗುಬ್ಬಿ ಎಂಥ ಗಟ್ಟಿಗಿತ್ತಿ" ಅಂದಳು.

ನರ್ಸು ನಗಲಿಲ್ಲ. ಸಿರಿಂಜಿನಲ್ಲಿ ಏರುತ್ತಿದ್ದ ರಕ್ತವನ್ನೇ ನೋಡುತ್ತ, "ಈ ವಯಸ್ಸಿನ ಮಕ್ಕಳು ನನ್ನ ಕೋಟು ಕಂಡರೇ ಸೂರು ಹಾರಿಹೋಗೋ ಹಾಗೆ ಕಿರುಚ್ತಾವೆ. ಇವಳು ಯಾವಾಗಿಂದ ಹೀಗೆ ಸುಮ್ಮನಿದ್ದಾಳೆ?" ಎಂದು ಕೇಳಿದಳು.

ಅದನ್ನು ತೋರಿಸಲೆಂದೇ ಬಂದಿದ್ದರು. ಸೊಸೆ ಲಾಂಡ್ರಿಯಲ್ಲಿ ಅರ್ಧ ದಿನ ರಜೆ ಹಾಕಿ, ಇಸ್ತ್ರಿಯ ಬಿಸಿಗೆ ಕೆಂಪಾದ ಮುಖದಲ್ಲೇ ಓಡಿ ಬಂದಿದ್ದಳು. ಹೋದ ವರ್ಷ ಗುಬ್ಬಿಯ ಬಾಯಿಗೆ ಬೀಗ ಹಾಕುವವರು ಬೇಕಾಗಿತ್ತು. ಬೀದಿಯಲ್ಲಿ ಹೋಗುವ ನಾಯಿಗೂ ಊಟ ಆಯ್ತಾ ಎಂದು ಕೇಳುತ್ತಿದ್ದ ಮಗು. ಈಗ ಮಾತು ಒಂದೊಂದಾಗಿ ಉದುರಿಹೋಗಿ, ಬೇಕು, ಬೇಡ, ಹೊಟ್ಟೆ ನೋವು ಎಂಬಷ್ಟರಲ್ಲಿ ನಿಂತಿತ್ತು. ತಟ್ಟೆ ಮುಂದಿಟ್ಟರೆ ತಳ್ಳುವುದು, ಸುಮ್ಮಸುಮ್ಮನೆ ಸಿಟ್ಟು ಬಂದು ನೆಲಕ್ಕೆ ತಲೆ ಚಚ್ಚಿಕೊಳ್ಳುವುದು, ಆಮೇಲೆ ಗೋಡೆ ನೋಡುತ್ತ ಕೂತುಬಿಡುವುದು.

"ಏನೇನು ಬಾಯಿಗೆ ಹಾಕ್ಕೊಳ್ತಾಳೆ?"

"ಊಟ ಒಂದು ಬಿಟ್ಟು ಎಲ್ಲಾ" ಅಂದಳು ಸೊಸೆ.

"ಹಾಗೇನಿಲ್ಲ. ನೆಲ್ಲಿಕಾಯಿ ತಿಂತಾಳೆ" ಅಜ್ಜಿ ನಡುವೆ ಬಾಯಿ ಹಾಕಿದಳು. "ನಮ್ಮ ಹಿತ್ತಲದ್ದೇ. ಇಡೀ ದಿನ ಆ ಮರದ ಕೆಳಗೇ ಇವಳ ದರ್ಬಾರು. ಹಿತ್ತಲ ಗಿಡ ಮದ್ದಲ್ಲ ಅಂತಾರೆ ಜನ. ನಮ್ಮದು ಮದ್ದೇ. ಇಷ್ಟಾದರೂ ನೆಗಡಿ ಕೆಮ್ಮು ಅಂತ ಬಂದವಳಲ್ಲ ನೋಡಿ."

ನರ್ಸು ಗಾಯದ ಮೇಲೆ ಹತ್ತಿ ಒತ್ತಿ, ಫಲಿತಾಂಶ ಬಂದಮೇಲೆ ಹೇಳಿಕಳಿಸುತ್ತೇವೆ ಅಂದಳು. ಆಗಲೂ ಮಗು ಹತ್ತಿಯನ್ನು ನೋಡುತ್ತಿತ್ತೇ ಹೊರತು ಅಳಲಿಲ್ಲ.

ಮನೆಗೆ ಬಂದು ಇಳಿಸಿದ್ದೇ ತಡ, ಗುಬ್ಬಿ ನೆಟ್ಟಗೆ ಹಿತ್ತಲಿಗೆ ನಡೆಯಿತು. ಅಜ್ಜ ಅಲ್ಲಿ ಮೆಟ್ಟಿಲ ಮೇಲೆ ಕೂತಿದ್ದ. ಅವನ ಅಂಗಿಯ ಗುಂಡಿಗಳು ತೆರೆದೇ ಇದ್ದವು, ಏಕೆಂದರೆ ಅವನ್ನು ಹಾಕುವ ಕೆಲಸ ಮಗುವಿನದು. ಕೆಲವು ವರ್ಷಗಳಿಂದ ಅಜ್ಜನ ಕೈಗಳು ಮಣಿಕಟ್ಟಿನಿಂದ ಕೆಳಕ್ಕೆ ಬಾಡಿದ ಎಲೆಯ ಹಾಗೆ ಜೋತುಬಿದ್ದಿದ್ದವು. ಬೆರಳು ಆಡುತ್ತಿದ್ದವು, ಆದರೆ ಅಂಗೈ ಮೇಲಕ್ಕೆ ಏಳುತ್ತಿರಲಿಲ್ಲ. ನರ ಸತ್ತಿದೆ ಅಂದರು ಕೆಲವರು, ವಯಸ್ಸು ಅಂದರು ಕೆಲವರು. ನಡೆಸುತ್ತಿದ್ದ ಅಂಗಡಿ ಮುಚ್ಚಿದ. ಗುಬ್ಬಿ ಅವನ ಎದೆಗೆ ಮೂಗು ತಾಗಿಸಿ ನಿಂತು, ಮೇಲಿನ ಗುಂಡಿಯನ್ನು ಕೆಳಗಿನ ತೂತಿಗೆ ಸಿಕ್ಕಿಸಿ, ಅಂಗಿಯನ್ನು ಸೊಟ್ಟಗೆ ಮಾಡಿ, ಅವನ ತೊಡೆ ಹತ್ತಿ ಕೂತಿತು.

"ರಕ್ತ ತಗೊಂಡರಂತಾ ನನ್ನ ಗುಬ್ಬೀದು? ಇರೋದೇ ಒಂದು ಲೋಟ. ಅದರಲ್ಲೂ ಪಾಲು ಕೇಳ್ತಾರಾ?" ಅಂದ ಅಜ್ಜ. ಮಗು ಅವನ ತೊಡೆಯ ಮೇಲಿನ ಬಟ್ಟೆ ಬಾಯಿಗಿಟ್ಟುಕೊಂಡು ಚೀಪತೊಡಗಿತು.

ಅಜ್ಜನ ಕಸುಬು ಬ್ಯಾಟರಿಯದು. ಲಾರಿ ಬಸ್ಸುಗಳ ಸತ್ತ ಬ್ಯಾಟರಿ ತಂದು ಜೀವ ಕೊಡುವುದು. ಜೀವ ಬರದಿದ್ದರೆ ಒಡೆದು, ಒಳಗಿನ ಸೀಸ ಕರಗಿಸಿ, ಅಚ್ಚು ಹೊಯ್ದು ಮಾರುವುದು. ಮದುವೆಯಾದ ಹೊಸದರಲ್ಲಿ ಅಂಗಡಿಗೆ ಗತಿಯಿರಲಿಲ್ಲ. ನಾಲ್ಕು ಮಂಚ ಹಿಡಿಸುವಷ್ಟು ಹಿತ್ತಲೇ ಕಾರ್ಖಾನೆ, ಮೂಲೆಯ ತಗಡಿನ ಕೊಟ್ಟಿಗೆಯೇ ಆಫೀಸು. ಆಸಿಡ್ ನೀರೆಲ್ಲ ನಡುವಿನ ಗುಂಡಿಗೆ. ಪ್ಲೇಟು ಕೆರೆದಾಗ ಬರುವ ಬೂದುಬಣ್ಣದ ಕೆಸರೂ ಅದೇ ಗುಂಡಿಗೆ. ಅವನ ಅಂಗಿಗಳು ಜರಡಿಯಾಗಿರುತ್ತಿದ್ದವು. ಅಜ್ಜಿ, ಆಗ ಹೊಸ ಹೆಂಡತಿ, ಅವನ್ನು ಒಗೆಯುವಾಗ ಹೆದರುತ್ತಿದ್ದಳು.

"ಆಸಿಡ್ಡಿಗೆ ಹೆದರು. ಅದು ಹಾವು. ಸೀಸಕ್ಕೆ ಯಾಕೆ ಹೆದರ್ತೀಯೇ? ಅದು ಕಲ್ಲಿನ ತಮ್ಮ. ಬಿದ್ದಲ್ಲಿ ಬಿದ್ದಿರುತ್ತೆ, ಯಾರ ತಂಟೆಗೂ ಬರಲ್ಲ" ಎಂದು ಅವನು ಹೇಳಿಕೊಟ್ಟಿದ್ದ. ಅವಳು ಕಲಿತಿದ್ದಳು.

ದೊಡ್ಡ ರಸ್ತೆಯಲ್ಲಿ ಅಂಗಡಿ ಸಿಕ್ಕಿ ಕೆಲಸ ಅಲ್ಲಿಗೆ ಹೋದಮೇಲೆ ಗುಂಡಿ ಮುಚ್ಚಿಸಿದರು. ಅವಳು ಆಸೆಯಿಂದ ಅವರೆ ಊರಿದಳು, ಹೂವಿನ ಕಡ್ಡಿ ನೆಟ್ಟಳು. ಎಲ್ಲ ಎರಡೆಲೆ ಬಿಟ್ಟು ಸುಟ್ಟುಹೋದವು. "ಆಸಿಡ್ ಕುಡಿದ ನೆಲ ಕಣೇ, ಬಾಯಿ ಹುಳಿಯಾಗಿದೆ ಅದಕ್ಕೆ. ಸುಣ್ಣ ತಿನ್ನಿಸಬೇಕು" ಅಂದ ಅವನು. ಮೂಟೆಗಟ್ಟಲೆ ಸುಣ್ಣ, ಒಲೆಯ ಬೂದಿ, ಮತ್ತೆ ಸುಣ್ಣ. ಆಮೇಲೆ ಸಸಿ ಮಾರುವವನನ್ನು ಕೇಳಿ, ಎಂಥ ಕೆಟ್ಟ ನೆಲವನ್ನೂ ಕಚ್ಚಿಕೊಳ್ಳುವ ಗಿಡವೆಂದು ಕಸಿಮಾಡಿದ ಒಂದು ನೆಲ್ಲಿಸಸಿ ತಂದ. ಒಂದೇ ಗಿಡ ಕಾಯಿ ಕಚ್ಚಲಿಕ್ಕಿಲ್ಲ, ಜೊತೆಗೊಂದು ಬೇಕು ಅಂತ ಸಸಿಯವನು ಎಚ್ಚರಿಸಿದ್ದನಂತೆ. ಅದೃಷ್ಟಕ್ಕೆ ಹಿಂದಿನ ಬೀದಿಯಲ್ಲಿ ಯಾರದೋ ಮರವಿತ್ತು. ದುಂಬಿಗಳಿಗೆ ಗೋಡೆ ಯಾವ ಲೆಕ್ಕ. ಮೊದಲ ಕಾಯಿ ಬಿಟ್ಟ ವರ್ಷ ಗಂಡಹೆಂಡತಿ ಇಬ್ಬರೂ ಒಂದೇ ಕಾಯನ್ನು ಕಚ್ಚಿ ಕಚ್ಚಿ ತಿಂದು, ಮೇಲೆ ನೀರು ಕುಡಿದು, ನಾಲಿಗೆಯ ಮೇಲೆ ಬಂದ ಸಿಹಿಗೆ ಮಕ್ಕಳ ಹಾಗೆ ನಕ್ಕಿದ್ದರು.

ಅಲ್ಲಿಂದ ವರ್ಷವರ್ಷ ಎಲೆ ಉದುರುವ ಕಾಲಕ್ಕೆ ಪಾತಿ ಬಿಡಿಸಿ, ಸುಣ್ಣ ಬೂದಿ ಹಾಕಿ, ಕೈಯಲ್ಲೇ ಮಣ್ಣಿಗೆ ತಿಕ್ಕುವುದು ಅಜ್ಜನ ನೇಮ. ಕೊಂಬೆ ಬಗ್ಗುವಷ್ಟು ಕಾಯಿ. ಬೀದಿಗೆಲ್ಲ ಹಂಚುತ್ತಿದ್ದರು. "ಬ್ಯಾಟರಿಯವರ ಮರ, ಚಾರ್ಜ್ ಆಗಿರೋ ಮರ" ಎಂದು ಪಕ್ಕದ ಮನೆ ಟೈಲರನ ಹೆಂಡತಿ ನಗುತ್ತಿದ್ದಳು. "ಕಚ್ಚಿದರೆ ಹಲ್ಲಿಗೆ ಶಾಕ್ ಹೊಡೆಯುತ್ತೆ ನೋಡಿ." ಎಲ್ಲರೂ ನಗುತ್ತಿದ್ದರು. ಹೆಚ್ಚು ನಗುತ್ತಿದ್ದವನು ಅಜ್ಜನೇ.

ಆಸ್ಪತ್ರೆಯಿಂದ ಕರೆ ಬಂತು. ಡಾಕ್ಟರಮ್ಮ ಸಣ್ಣ ವಯಸ್ಸಿನವರು, ಮಾತು ಮೆತ್ತಗೆ. "ಮಗುವಿನ ರಕ್ತದಲ್ಲಿ ಸೀಸ ಇದೆ. ಇರಬಾರದಷ್ಟು ಇದೆ. ಮನೇಲಿ ಯಾರಾದರೂ ಬಣ್ಣ, ಬೆಸುಗೆ, ಬ್ಯಾಟರಿ ಕೆಲಸ ಮಾಡ್ತಾರಾ?"

"ನಮ್ಮ ಯಜಮಾನ್ರು ಮಾಡ್ತಿದ್ರು" ಅಂದಳು ಅಜ್ಜಿ. "ಬಿಟ್ಟು ಎಷ್ಟೋ ಕಾಲ ಆಯ್ತು. ಇವಳಿನ್ನೂ ಹುಟ್ಟಿರಲಿಲ್ಲ."

"ಎಲ್ಲಿ ಮಾಡ್ತಿದ್ರು?"

"ಆಮೇಲೆ ಅಂಗಡೀಲಿ. ಮೊದಮೊದಲು ಹಿತ್ತಲಲ್ಲೇ. ಈಗ ಅಲ್ಲಿ ನೆಲ್ಲಿ ಮರ ಇದೆಯಲ್ಲ, ಅದೇ ಜಾಗ."

ಹೇಳುವಾಗ ಅವಳಿಗೆ ಏನೂ ಅನ್ನಿಸಿರಲಿಲ್ಲ. ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಮೇಲೆ ಅನ್ನಿಸಿತು.

ಬಸ್ ಕಂಡಕ್ಟರನಾದ ಮಗನೂ ಅವತ್ತು ಬಂದಿದ್ದ. ಅವನು ಬಾಗಿಲ ಬಳಿ ನಿಂತೇ ಎಲ್ಲ ಕೇಳಿಸಿಕೊಂಡ. ಸೀಸ ಮಕ್ಕಳ ಮೆದುಳಿಗೆ ಹೋಗುತ್ತದೆ, ಮಾತು ಹಿಂದೆ ಬೀಳುತ್ತದೆ, ಮಗ್ಗಿ ಅಕ್ಷರ ತಲೆಗೆ ಹತ್ತುವುದಿಲ್ಲ, ಸಿಟ್ಟು ಬರುತ್ತದೆ ಎಂದೆಲ್ಲ ಡಾಕ್ಟರಮ್ಮ ಹೇಳಿದ ಮೇಲೆ, "ಅದು ಆಮೇಲೆ ಸರಿಹೋಗುತ್ತಾ ಮೇಡಂ?" ಎಂದು ಕೇಳಿದ.

"ಹೋಗಿದ್ದು ಎಷ್ಟು ವಾಪಸ್ ಬರುತ್ತೆ ಅಂತ ನಾನು ಮಾತು ಕೊಡಕ್ಕಾಗಲ್ಲ. ಇನ್ನು ಹೋಗದ ಹಾಗೆ ನೋಡ್ಕೊಬೇಕು. ಔಷಧಿ ಕೊಡ್ತೀನಿ. ಆದರೆ ಆ ಮಣ್ಣು ಒಳಗೆ ಹೋಗೋದು ನಿಲ್ಲದೆ ಔಷಧಿ ಕೊಟ್ಟು ಏನು ಪ್ರಯೋಜನ?"

ಮಗ ತಲೆಯಾಡಿಸಿದ. ಅಜ್ಜಿ ಅವನ ಮುಖ ನೋಡಲಾರದೆ ಕಿಟಕಿಯ ಕಡೆ ತಿರುಗಿದಳು. ಇದೇ ಹುಡುಗನಿಗೆ ಅಪ್ಪ ಅದೇ ಮರದ ಕೆಳಗೆ ಮಗ್ಗಿ ಹೇಳಿಸುತ್ತಿದ್ದ. ತಪ್ಪಿದ್ದಕ್ಕೆಲ್ಲ ನೆಲ್ಲಿಯ ಬರಲೇ ಬೆತ್ತ. "ಟಿಕೆಟ್ ಮೆಷಿನ್ ಬಂದಮೇಲೆ ನನ್ನ ಮರ್ಯಾದೆ ಉಳೀತು, ಲೆಕ್ಕ ಅದೇ ಮಾಡುತ್ತೆ" ಎಂದು ಅವನು ಈಗಲೂ ತಮಾಷೆ ಮಾಡುತ್ತಿದ್ದ.

ಆರೋಗ್ಯ ಇಲಾಖೆಯಿಂದ ಇಬ್ಬರು ಹುಡುಗರು ಬಂದು ಚಮಚದಲ್ಲಿ ಅಲ್ಲಲ್ಲಿ ಮಣ್ಣು ಕೆರೆದುಕೊಂಡು ಹೋದರು. ಕಾಯಿಗಳನ್ನೂ ಒಯ್ದರು. ಮತ್ತೆ ಬಂದಾಗ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರು. ಕಾಯಲ್ಲಿ ಅಂಥದ್ದೇನಿಲ್ಲ, ಎಲ್ಲ ಮಣ್ಣಲ್ಲೇ ಅಂದರು. ಕಾಯಿ ಮಣ್ಣಿಗೆ ಬಿದ್ದು, ಮಣ್ಣು ಕೈಗೆ ಬಂದು, ಕೈ ಬಾಯಿಗೆ ಹೋಗಿ ಆಗಿದ್ದು. ಅಗೆಯಬೇಡಿ, ಗುಡಿಸಬೇಡಿ, ಧೂಳೆದ್ದರೆ ಇನ್ನೂ ಕೇಡು. ಸದ್ಯಕ್ಕೆ ಮುಚ್ಚಿಡಿ, ಮಣ್ಣು ತೆಗೆಸೋದಕ್ಕೆ ಮೇಲಿನವರಿಗೆ ಬರೆದಿದ್ದೇವೆ.

"ಎಷ್ಟು ದಿನ ಇರುತ್ತೆ ಅದು?" ಅಂದಳು ಅಜ್ಜಿ.

"ಅದು ಕೊಳೆಯಲ್ಲ, ಕರಗಲ್ಲ, ತಾಯಿ. ಬಿದ್ದಲ್ಲೇ ಬಿದ್ದಿರುತ್ತೆ."

ಮೆಟ್ಟಿಲ ಮೇಲಿದ್ದ ಅಜ್ಜ ಅವರನ್ನು ಒಮ್ಮೆ ನೋಡಿದ. ಮಾತು ಬಂದಿದ್ದು ಅವರು ಹೋದಮೇಲೆ.

"ಹಲ್ಲು ಮೂಡದ ಹುಡುಗರು ಬಂದು ನನಗೆ ಸೀಸದ ಪಾಠ ಹೇಳ್ತಾರೆ. ಆಯಸ್ಸೆಲ್ಲ ಈ ಕೈಯಲ್ಲಿ ಹಿಡಿದಿದೀನಿ. ಕಾಯಿಸಿದೀನಿ, ಹೊಯ್ದಿದೀನಿ, ಅದೇ ಕೈಯಲ್ಲಿ ಬೀಡಿ ಸೇದಿದೀನಿ. ನಾನೇನು ಸತ್ತಿದೀನಾ?" ಎಂದು ಎದ್ದು ಹೋಗಿ, ಮರದ ಕೆಳಗೆ ಬಿದ್ದಿದ್ದ ಕಾಯೊಂದನ್ನು ಎರಡೂ ಮಣಿಕಟ್ಟುಗಳ ನಡುವೆ ಒತ್ತಿ ಹಿಡಿದು ಎತ್ತಿದ. "ನೋಡಿ, ಎಲ್ಲರೂ ನೋಡಿ. ತಿಂತಾ ಇದೀನಿ." ಬಾಯಿಯ ಹತ್ತಿರ ತಂದಾಗ ಕಾಯಿ ಜಾರಿತು. ಬಗ್ಗಿ ಮತ್ತೆ ಹಿಡಿದ. ಅದು ಮತ್ತೆ ಜಾರಿತು.

ಸೊಸೆ ಅವತ್ತಿನವರೆಗೆ ಮಾವನ ಎದುರು ದನಿ ಎತ್ತಿದವಳಲ್ಲ. ಅವತ್ತೂ ಎತ್ತಲಿಲ್ಲ. "ಮಾವ, ನಿಮ್ಮ ಕೈ ನೀವೇ ನೋಡ್ಕೊಳ್ಳಿ" ಅಂದಳು, ಅಷ್ಟೇ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ. ಇಷ್ಟು ವರ್ಷ ಆ ಮನೆಯಲ್ಲಿ ಎಲ್ಲರೂ ಆ ಕೈಗೆ ತುತ್ತು ಕಲೆಸಿ ಕೊಟ್ಟಿದ್ದರು, ಆ ಕೈಯನ್ನು ತೋಳಿನೊಳಗೆ ತೂರಿಸಿದ್ದರು. ಆದರೆ ಯಾರೂ ನೋಡಿರಲಿಲ್ಲ. ಅಜ್ಜ ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡು ಕೂತ. ಗುಬ್ಬಿ ಅವನ ಹತ್ತಿರ ಹೊರಟಿತು. ಸೊಸೆ ರಟ್ಟೆ ಹಿಡಿದು ಎಳೆದುಕೊಂಡಳು.

ಅವಳ ಅಕ್ಕ ಬೇರೆ ಊರಲ್ಲಿದ್ದಳು. ಮಗುವನ್ನು ಅಲ್ಲಿಗೆ ಬಿಟ್ಟುಬರುತ್ತೇನೆ ಎಂದು ಸೊಸೆ ಆಗಲೇ ಹೊರಟವಳು. ಅಜ್ಜಿ ಬಾಗಿಲಿಗೆ ಅಡ್ಡ ನಿಂತು ಬೇಡಿಕೊಂಡಳು. "ನಿಮ್ಮಕ್ಕನ ಮನೇಲಿ ಅವಳ ಮಕ್ಕಳೇ ಒಂದರ ಮೇಲೊಂದು ಮಲಗ್ತಾವೆ. ಇವಳಿಗೆ ಮಾತು ಇಲ್ಲ, ಊಟಕ್ಕೆ ಕತೆ ಹೇಳಬೇಕು. ಯಾರು ಹೇಳ್ತಾರೆ? ಒಂದು ಸಲ ನನ್ನ ಕೈಗೆ ಕೊಡು ತಾಯಿ. ಮಣ್ಣಿನ ಕಣ ಒಳಗೆ ಬರದ ಹಾಗೆ ನೋಡ್ಕೊತೀನಿ. ಮುಂದಿನ ಪರೀಕ್ಷೇಲಿ ಇಳೀದಿದ್ರೆ ನಾನೇ ನಿನ್ನ ಬಸ್ಸು ಹತ್ತಿಸ್ತೀನಿ."

ಸೊಸೆ ಚೀಲ ಕೆಳಗಿಟ್ಟು, "ಒಂದು ಸಲ ಅತ್ತೆ. ಒಂದೇ ಸಲ" ಅಂದಳು.

ಆಮೇಲೆ ನಡೆದದ್ದು ಯುದ್ಧ. ಮಗ ಲಾರಿಯ ಹಳೇ ಟಾರ್ಪಾಲು ತಂದು ಹಿತ್ತಲಿಗೆಲ್ಲ ಹಾಸಿ, ಅಂಚಿಗೆ ಕಲ್ಲು ಹೇರಿದ. ಹಿತ್ತಲ ಬಾಗಿಲಿಗೆ ಚಿಲಕ ಬಿತ್ತು. ಅಜ್ಜಿ ಪೊರಕೆ ಎತ್ತಿಟ್ಟು, ದಿನಕ್ಕೆರಡು ಹೊತ್ತು ಒದ್ದೆಬಟ್ಟೆಯಲ್ಲಿ ನೆಲ ಒರೆಸಿದಳು. ಗೋಡೆ ಒರೆಸಿದಳು, ಮಂಚದ ಕಾಲು ಒರೆಸಿದಳು, ಕಿಟಕಿಯ ಸರಳುಗಳನ್ನು ಒಂದೊಂದಾಗಿ ಒರೆಸಿದಳು. ಚಪ್ಪಲಿಗಳು ಬೀದಿಬಾಗಿಲ ಹೊರಗೇ ನಿಂತವು. ಹಾಸಿಗೆ ಬಟ್ಟೆಯನ್ನು ಸೊಸೆ ಲಾಂಡ್ರಿಗೆ ಒಯ್ದು ಕುದಿಸಿ ತಂದಳು. ಎದ್ದಾಗ, ಉಣ್ಣುವಾಗ, ಆಡಿದಮೇಲೆ, ಮಲಗುವ ಮುಂಚೆ, ಅಜ್ಜಿ ಮಗುವಿನ ಕೈ ತೊಳೆದಳು. ಉಗುರಿನ ಸಂದಿಗೆ ಬ್ರಷ್ಷು ಹಾಕಿ ತಿಕ್ಕಿದಳು. ಮೊದಮೊದಲು ಗುಬ್ಬಿ ಒದ್ದಾಡಿತು. ಆಮೇಲೆ ಯಾರು ಎದುರು ಬಂದರೂ ತಾನಾಗಿ ಎರಡೂ ಅಂಗೈ ಮೇಲೆ ಮಾಡಿ ಚಾಚಿ ನಿಲ್ಲುವುದನ್ನು ಕಲಿತಿತು. ಹಾಲಿನವನು ಬಂದರೂ ಚಾಚಿತು.

"ಪಾಪ, ಏನು ಬೇಕಂತೆ?" ಎಂದು ಕೇಳಿದ ಅವನು.

"ನೀರು ಬೇಕಂತೆ. ನಿನ್ನ ಹಾಲಲ್ಲಿ ಹೇಗೂ ಇದೆಯಲ್ಲ, ಸ್ವಲ್ಪ ಸುರಿ" ಅಂದಳು ಅಜ್ಜಿ. ಬಹಳ ದಿನದ ಮೇಲೆ ಆ ಮನೆಯಲ್ಲಿ ಒಂದು ತಮಾಷೆ ಕೇಳಿಬಂತು. ನಕ್ಕವರಿಲ್ಲ.

ಮರಕ್ಕೆ ಇದೊಂದೂ ಗೊತ್ತಿರಲಿಲ್ಲ. ಆ ವರ್ಷ ಯಾವತ್ತೂ ಬಿಡದಷ್ಟು ಕಾಯಿ ಬಿಟ್ಟಿತ್ತು. ಕೀಳುವವರಿಲ್ಲದೆ ಟಾರ್ಪಾಲಿನ ಮೇಲೆ ಟಪ್ ಟಪ್ ಎಂದು ಬೀಳುತ್ತಿದ್ದವು. ಆ ಸದ್ದಿಗೆ ಮಗು ಮುಚ್ಚಿದ ಬಾಗಿಲ ಕಡೆ ತಿರುಗುತ್ತಿತ್ತು. ಟೈಲರನ ಹೆಂಡತಿ ಗೋಡೆಯಾಚೆಯಿಂದ, "ನಮಗೂ ತಿನ್ನಿಸಿದ್ರಲ್ಲ ಇಷ್ಟು ವರ್ಷ" ಅಂದಳು ಒಂದು ದಿನ. ಅಜ್ಜಿ ಒದ್ದೆಬಟ್ಟೆ ಹಿಂಡಿದಳು. ಅಜ್ಜ ಮಾತ್ರ ಮೆತ್ತಗಾಗಿದ್ದ. ಬೈಗುಳವಿಲ್ಲ, ವಾದವಿಲ್ಲ. ಅವನಿಗೂ ಬುದ್ಧಿ ಬಂತು ಎಂದುಕೊಂಡಳು.

ಎರಡನೇ ಸಲದ ರಕ್ತ ಇಳಿದಿರಲಿಲ್ಲ. ಏರಿತ್ತು.

"ಹೇಳಿದ್ದು ಯಾವುದೋ ಒಂದು ಮಾಡ್ತಿಲ್ಲ ನೀವು" ಅಂದರು ಡಾಕ್ಟರಮ್ಮ. ಅವರ ಮೆತ್ತಗಿನ ದನಿಯಲ್ಲಿ ಮೊದಲ ಸಲ ಅಂಚು ಕಾಣಿಸಿತು. ಅಜ್ಜಿ ತನ್ನ ಕೈಗಳನ್ನು ಮುಂದೆ ಚಾಚಿದಳು. ಸೋಪಿಗೆ, ನೀರಿಗೆ ಚರ್ಮ ಬಿರಿದು ಬೆರಳ ಗಿಣ್ಣುಗಳಲ್ಲಿ ಕೆಂಪು ಗೀರುಗಳಿದ್ದವು. ಡಾಕ್ಟರಮ್ಮ ನೋಡಿ, ಔಷಧಿ ಬರೆದರು.

ಮನೆ ಹತ್ತಿರ ಬಂದಾಗ, "ಭಾನುವಾರ ಅಕ್ಕ ಬರ್ತಾಳೆ. ನೀವು ತಪ್ಪು ಮಾಡಿದಿರಿ ಅಂತ ನಾನು ಅಂತಿಲ್ಲ ಅತ್ತೆ. ನನ್ನ ಮಗು ನನಗೆ ಬೇಕು, ಅಷ್ಟೇ" ಅಂದಳು ಸೊಸೆ. ಅಜ್ಜಿ ಹೂಂ ಅಂದಳು. ಮಾತು ಅವಳದೇ ಆಗಿತ್ತು, ಬಸ್ಸು ಹತ್ತಿಸುತ್ತೇನೆ ಎಂದದ್ದು.

ಎಲ್ಲಿಂದ ಬರುತ್ತಿದೆ? ಒರೆಸದ ಜಾಗವಿಲ್ಲ, ತೊಳೆಯದ ಪಾತ್ರೆಯಿಲ್ಲ. ಅವಳು ಒಲೆ ಮುಂದೆ ಕೂತು ಮನೆಯನ್ನು ಮನಸ್ಸಿನಲ್ಲೇ ಮೂಲೆಮೂಲೆ ತಡಕಿದಳು, ಸಿಗಲಿಲ್ಲ.

ಸಿಕ್ಕಿದ್ದು ಮರುದಿನ ಬೆಳಕು ಹರಿಯುವಾಗ. ಎಚ್ಚರಾದಾಗ ಪಕ್ಕದಲ್ಲಿ ಗಂಡನಿರಲಿಲ್ಲ. ಹಿತ್ತಲ ಬಾಗಿಲ ಚಿಲಕ ತೆಗೆದಿತ್ತು. ಅವಳು ಹೋಗಿ ನಿಂತಳು. ಮರದ ಬುಡದಲ್ಲಿ ಟಾರ್ಪಾಲಿನ ಒಂದು ಅಂಚು ಮಡಚಿತ್ತು. ಅಜ್ಜ ಮಂಡಿಯೂರಿ, ಸುಣ್ಣದ ಡಬ್ಬವನ್ನು ಎರಡು ಮೊಣಕೈಗಳ ನಡುವೆ ಅವುಚಿ ಬಗ್ಗಿಸುತ್ತಿದ್ದ. ಆಮೇಲೆ ಬೂದಿ. ಆಮೇಲೆ ಜೋತುಬಿದ್ದ ಕೈಗಳ ಬೆನ್ನಿನಿಂದ, ಮುಂಗೈಯಿಂದ, ಮಗುವಿಗೆ ಎಣ್ಣೆ ಹಚ್ಚುವವನ ಹಾಗೆ ಅದನ್ನು ಮಣ್ಣಿಗೆ ತಿಕ್ಕಿದ, ನಿಧಾನವಾಗಿ, ಬಹಳ ಹೊತ್ತು. ಟಾರ್ಪಾಲನ್ನು ಕಾಲಿನಿಂದ ಸರಿಸಿ ಮುಚ್ಚಿದ. ಬಂದು ಮೆಟ್ಟಿಲ ಮೇಲೆ ಕೂತು, ಕೈಗಳನ್ನು ತೊಡೆಗೆ ಒರೆಸಿಕೊಂಡ.

ಅಷ್ಟರಲ್ಲಿ ಗುಬ್ಬಿ ಎದ್ದು ಬಂತು. ಅಜ್ಜಿಯ ಪಕ್ಕದಲ್ಲೇ ನುಸುಳಿ ಹೋಗಿ, ಮನೆ ಏಳುವ ಮುಂಚೆ ದಿನವೂ ಹೋಗುತ್ತಿದ್ದ ಹಾಗೆ, ಅವನ ತೊಡೆ ಹತ್ತಿತು. ಒಂದೊಂದೇ ಗುಂಡಿ ಹಾಕಿತು. ಹಾಕಿ ಮುಗಿದಮೇಲೆ ಮುಖವನ್ನು ಅವನ ಬಟ್ಟೆಗೆ ಒತ್ತಿ, ಬಟ್ಟೆಯ ಚುಂಗನ್ನು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿತು. ಅವನು ತಲೆ ಬಗ್ಗಿಸಿ ಅದರ ಕೂದಲಿಗೆ ಗಲ್ಲ ಊರಿದ.

ಎಲ್ಲ ಅಂಗೈ ಮೇಲಿನ ನೆಲ್ಲಿಕಾಯಿಯಷ್ಟು ಸ್ಪಷ್ಟವಾಯಿತು. ಅಜ್ಜಿ ಚೌಕಟ್ಟು ಹಿಡಿದುಕೊಂಡಳು.

"ರೀ" ಅಂದಳು. "ಏನು ಮಾಡ್ತಿದೀರಿ?"

ಅವನು ಬೆಚ್ಚಲಿಲ್ಲ. "ಮೆತ್ತಗೆ ಮಾತಾಡು, ಮತ್ತೆ ನಿದ್ದೆ ಹತ್ತಿದೆ ಅದಕ್ಕೆ. ಸುಣ್ಣ ಹಾಕಿದೆ. ದಿನಾ ಹಾಕ್ತಿದೀನಿ. ಆಸಿಡ್ಡೇ ಮುರೀತು ಕಣೇ ಇದಕ್ಕೆ. ಸೀಸ ಯಾವ ಮರದ ತೊಪ್ಪಲು. ಮಣ್ಣು ಸರಿಮಾಡ್ತೀನಿ ನಾನು. ಕೆಡಿಸಿದವನು ನಾನು ತಾನೆ? ಆ ಹುಡುಗರು ಇನ್ನೊಂದು ಸಲ ಬಂದು ಕೆರಕೊಂಡು ಹೋಗಲಿ, ಆಗ ನೋಡು."

ಅವಳು ಹೋಗಿ ಅವನ ತೊಡೆಯ ಮೇಲಿಂದ ಮಗುವನ್ನು ಎತ್ತಿಕೊಂಡಳು. ಬಾಯಲ್ಲಿದ್ದ ಬಟ್ಟೆಯ ಚುಂಗು ಎಳೆದ ಹಾಗೆ ಉದ್ದವಾಗಿ, ಆಮೇಲೆ ಬಿಟ್ಟುಕೊಂಡಿತು. ಮಗುವಿನ ಕೆನ್ನೆಯ ಮೇಲೆ, ತುಟಿಯ ಮೂಲೆಯಲ್ಲಿ ಬಿಳಿ ಬಿಳಿ ಹುಡಿಯಿತ್ತು.

ಅವಳು ಬೈಯಲಿಲ್ಲ. "ಇದರ ಮುಖ ನೋಡಿ" ಅಂದಳು. "ಆಮೇಲೆ ನಿಮ್ಮ ತೊಡೆ ನೋಡ್ಕೊಳ್ಳಿ."

ಅವನು ಮಗುವಿನ ಮುಖ ನೋಡಿದ. ತನ್ನ ತೊಡೆ ನೋಡಿಕೊಂಡ. ಮಂಡಿಯ ಮೇಲೆ ಬಿಳಿ, ಬಿಳಿಯ ನಡುವೆ ಮಣ್ಣು, ಅದರ ನಡುವೆ ಜೊಲ್ಲಿನಿಂದ ಒದ್ದೆಯಾದ ಒಂದು ಗುಂಡಗಿನ ಜಾಗ. ಹಿಂದೆ ಒಂದು ಕಾಯಿ ಟಪ್ ಎಂದು ಬಿತ್ತು.

"ದಿನಾ ಕೂತ್ಕೊಳ್ತಿತ್ತು" ಅಂದ ಕೊನೆಗೆ, ಯಾರೋ ಬೇರೆಯವರ ಸುದ್ದಿ ಹೇಳುವ ಹಾಗೆ.

"ಹೂಂ."

"ಅವಳಿಗೆ ಹೇಳ್ತೀಯಾ?"

ಸೊಸೆಗೆ ಹೇಳಬೇಕಾಗಿತ್ತು. ಹೇಳದಿದ್ದರೆ ಭಾನುವಾರ ಮಗು ಹೋಗುತ್ತದೆ. ಹೇಳಿದರೆ ಈ ಮನುಷ್ಯನ ಮುಖವನ್ನು ಆ ಮನೆಯಲ್ಲಿ ಇನ್ನು ಯಾರು ನೋಡುತ್ತಾರೆ? ಅಜ್ಜಿ ಮಗುವನ್ನು ಹೆಗಲಿಗೆ ಒರಗಿಸಿಕೊಂಡು ನಿಂತಳು. ಅವಳು ಬಾಯಿ ತೆರೆಯುವ ಮುಂಚೆ ಅವನೇ ಎದ್ದ. ಮಣಿಕಟ್ಟುಗಳನ್ನು ಗೋಡೆಗೆ ಊರಿ ಎದ್ದು, ಟಾರ್ಪಾಲು ದಾಟಿ ಮೂಲೆಯ ತಗಡಿನ ಕೊಟ್ಟಿಗೆಯ ಕಡೆ ನಡೆದ. ಅದರ ಬಾಗಿಲನ್ನು ಭುಜದಿಂದ ನೂಕಿದ.

"ಹಿತ್ತಲ ಬಾಗಿಲ ಚಿಲಕ ಹಾಕ್ಕೋ ಒಳಗಿಂದ. ಹೇಳು ಅವಳಿಗೆ. ನಾನೇ ಹೇಳು ಅಂದೆ ಅಂತ ಹೇಳು."

"ಹುಚ್ಚಾ ನಿಮಗೆ? ಬಂದು ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ. ಇನ್ನು ಸುಣ್ಣದ ತಂಟೆಗೆ ಹೋಗಲ್ಲ ಅಂದರೆ ಆಯ್ತು."

"ಇವತ್ತು ಹೋಗಲ್ಲ ಅಂತೀನಿ. ನಾಳೆ ಬೆಳಿಗ್ಗೆ ಕಾಲು ತಾನಾಗಿ ಬರುತ್ತೆ. ನನ್ನ ಬುದ್ಧಿ ನನಗೆ ಗೊತ್ತಿಲ್ವಾ?" ಕೊಟ್ಟಿಗೆಯ ಒಳಗಿಂದ ಅವನ ದನಿ ಡಬ್ಬದೊಳಗಿನ ದನಿಯಂತೆ ಬಂತು. "ಹಾಕೇ ಚಿಲಕ."

ಅವಳು ಮನೆಯೊಳಗೆ ಹೋಗಿ ಹಾಕಿದಳು.

ಸೊಸೆ ಎಲ್ಲ ಕೇಳಿಸಿಕೊಂಡಳು. ಕೇಳಿ, ಇಸ್ತ್ರಿಯಾಗಿದ್ದ ಮಗುವಿನ ಬಟ್ಟೆಗಳನ್ನು ಚೀಲದಿಂದ ತೆಗೆದು ಒಂದೊಂದಾಗಿ ಮತ್ತೆ ಬೀರುವಿನಲ್ಲಿಟ್ಟಳು. ಮಾವನನ್ನು ಒಳಗೆ ಕರೆಯಿರಿ ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ಮಗ ಕೊಟ್ಟಿಗೆಗೆ ಒಂದು ಬಲ್ಬು ಎಳೆದು, ಹಳೇ ಮಂಚ ಹಾಕಿಕೊಟ್ಟ. ಮಂಚ ಇಳಿಸುವಾಗ ಅಪ್ಪ ಮಗ ಎದುರುಬದುರು ನಿಂತರಂತೆ. ಅಪ್ಪ ಏನೋ ಹೇಳಲು ಹೋದನಂತೆ. "ಬಿಡಪ್ಪ, ಮೆಷಿನ್ ಇದೆಯಲ್ಲ ಈಗ" ಎಂದು ಮಗ ಹಗ್ಗ ಬಿಗಿದನಂತೆ. ಮಗನೇ ಬಂದು ಅಜ್ಜಿಗೆ ಹೇಳಿದ್ದು. ಹೇಳಿ, ಮುಖ ತೊಳೆಯಲು ಹೋದವನು ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡೇ ಇದ್ದ.

ಈಗ ಅಜ್ಜಿಗೆ ಎರಡು ಜೊತೆ ಬಟ್ಟೆ, ಎರಡು ಮನೆ. ಒಂದು ಜೊತೆ ಉಟ್ಟುಕೊಂಡು ಪಕ್ಕದ ಸಂದಿಯಿಂದ ಬಳಸಿ ಹಿತ್ತಲಿಗೆ ಹೋಗಿ, ಗಂಡನಿಗೆ ತುತ್ತು ತಿನ್ನಿಸುತ್ತಾಳೆ, ಮೈ ಒರೆಸುತ್ತಾಳೆ. ಬಂದು ಬಚ್ಚಲಲ್ಲಿ ನೀರು ಹೊಯ್ದುಕೊಂಡು ಇನ್ನೊಂದು ಜೊತೆ ಉಟ್ಟು ಮಗುವನ್ನು ಎತ್ತಿಕೊಳ್ಳುತ್ತಾ‌ಳೆ. ಅಂಗಿಯ ಗುಂಡಿ ಹಾಕಲು ಹೋದರೆ ಅಜ್ಜ ಬೇಡ ಅನ್ನುತ್ತಾನೆ. ತೆರೆದೇ ಇರಲಿ, ಸೆಖೆ ಅನ್ನುತ್ತಾನೆ. ಸುಣ್ಣದ ಡಬ್ಬ ಮಾತ್ರ ಮಂಚದ ಕೆಳಗೆ ಇನ್ನೂ ಇದೆ. ಅವಳು ಎತ್ತಿ ಎಸೆಯಲಿಲ್ಲ.

ಅಡುಗೆಮನೆಯ ಕಿಟಕಿ ಹಿತ್ತಲಿಗೆ ತೆರೆಯುತ್ತದೆ. ಒಂದು ಸಂಜೆ ಗುಬ್ಬಿ ಅಲ್ಲಿ ಸ್ಟೂಲು ಹತ್ತಿ ನಿಂತಿತ್ತು. ಆಚೆ ಅಜ್ಜ ಮಂಚವನ್ನು ಬಾಗಿಲಿಗೆಳೆದು ಕೂತಿದ್ದ. ಮಗು ಸರಳುಗಳ ನಡುವೆ ಎರಡೂ ಕೈ ತೂರಿಸಿ, ಅಂಗೈ ಮೇಲೆ ಮಾಡಿ ಚಾಚಿತು. ಚಾಚಿಕೊಂಡೇ ನಿಂತಿತು.

ಅಜ್ಜ ನೋಡಿದ. ಮೊದಲು ಮುಖ ತಿರುಗಿಸಿದ. ಮತ್ತೆ ನೋಡಿದಾಗಲೂ ಆ ಕೈಗಳು ಅಲ್ಲೇ ಇದ್ದವು. ಅವನು ಎದ್ದು, ಅಜ್ಜಿ ತುಂಬಿಸಿಟ್ಟಿದ್ದ ಚೊಂಬನ್ನು ಎರಡು ಮುಂಗೈಗಳ ನಡುವೆ ಅವುಚಿಕೊಂಡು, ತುಳುಕದ ಹಾಗೆ ಹೆಜ್ಜೆ ಎಣಿಸುತ್ತ ಬಂದ. ಕಿಟಕಿಯಿಂದ ಒಂದು ಮಾರು ದೂರದಲ್ಲೇ ನಿಂತ. ಇನ್ನೊಂದು ಹೆಜ್ಜೆ ಇಡಲಿಲ್ಲ. ಅಲ್ಲಿಂದಲೇ ಮೈಯನ್ನು ಮುಂದಕ್ಕೆ ಬಗ್ಗಿಸಿ ಚೊಂಬನ್ನು ಓರೆಮಾಡಿದ. ಅರ್ಧ ನೀರು ಗೋಡೆಗೆ ಬಿತ್ತು. ಉಳಿದರ್ಧ ಮಗುವಿನ ಅಂಗೈಗೆ. ಗುಬ್ಬಿ ಕೈಗಳನ್ನು ಒಂದಕ್ಕೊಂದು ಉಜ್ಜಿತು, ಕಲಿಸಿದ ಹಾಗೇ, ಬೆರಳ ಸಂದಿ, ಉಗುರ ಸಂದಿ. ಆಮೇಲೆ ಅವನ ಕಡೆ ನೋಡಿ, "ಆಯ್ತು" ಅಂದಿತು.

ಅಜ್ಜಿ ಒಲೆಯ ಮುಂದೆ ನಿಂತಿದ್ದಳು. ಆ ಮಾತು ಹೋದ ವರ್ಷದ್ದು. ಕೇಳದೆ ಎಷ್ಟೋ ಕಾಲವಾಗಿತ್ತು.

ಅಜ್ಜ ಖಾಲಿ ಚೊಂಬನ್ನು ಎದೆಗೊತ್ತಿಕೊಂಡು ಕೊಟ್ಟಿಗೆಯ ಕಡೆ ತಿರುಗಿದ. ಅವನು ಮಂಚದ ಮೇಲೆ ಕೂರುವವರೆಗೂ ಅವಳು ಕಾದಳು. ಆಮೇಲೆ ಮಗುವನ್ನು ಸ್ಟೂಲಿನಿಂದ ಇಳಿಸಿ, ಬಚ್ಚಲಿಗೆ ಕರೆದುಕೊಂಡು ಹೋಗಿ, ನಲ್ಲಿ ಸಣ್ಣಗೆ ಬಿಟ್ಟು, ಸದ್ದಾಗದ ಹಾಗೆ, ಸೋಪು ಹಚ್ಚಿ, ಆ ಕೈಗಳನ್ನು ಇನ್ನೊಮ್ಮೆ ತೊಳೆದಳು.